ಲೋಲಕದ ಪ್ರಯೋಗದಲ್ಲಿ ಜಿ ಬೆಲೆ ಜಾಸ್ತಿ ಬರುತ್ತಿದ್ದರೆ

ದಾರಕ್ಕೆ ಕಟ್ಟಿದ ಗುಂಡು ತೂಗಾಡುವ ಲೋಲಕದಲ್ಲಿ ಮಕ್ಕಳು 20 ಆಂದೋಲನ (ಗುಂಡು ಒಮ್ಮೆ ಹೋಗಿ ವಾಪಸ್ ಬಂದರೆ ಒಂದು) ಎಣಿಸಿದರೂ ಜಿ, ಅಂದರೆ ಗುರುತ್ವ ವೇಗೋತ್ಕರ್ಷದ ಬೆಲೆ, ಪ್ರತಿಸಲ 10.9ರ ಹತ್ತಿರವೇ ಬರುತ್ತಿದೆ ಅಂದಿದ್ದೀರಿ. ಎಲ್ಲ ಗುಂಪಿಗೂ ಒಂದೇ ತಪ್ಪು ಉತ್ತರ ಬಂದರೆ ಮೊದಲು ಎಣಿಕೆ ನೋಡಿ. ಗುಂಡು ಬಿಟ್ಟ ತಕ್ಷಣ ಅವರು ‘ಒಂದು’ ಅನ್ನುತ್ತಿರಬೇಕು. ಆಗ ನಿಜಕ್ಕೂ ಆಗುವುದು 19 ಆಂದೋಲನ, ಆದರೆ ಸಮಯವನ್ನು ಭಾಗಿಸುವುದು 20ರಿಂದ. ಲೆಕ್ಕ ಹಾಕಿ ನೋಡಿ, 9.8 ಇರಬೇಕಾದದ್ದು 10.9 ಆಗಿಬಿಡುತ್ತದೆ! ‘ಸೊನ್ನೆ’ಯಿಂದ ಶುರು ಮಾಡಿಸಿ. ಗುಂಡು ಒಂದೇ ದಿಕ್ಕಿನಲ್ಲಿ ನಡುಗೆರೆ ದಾಟುವಾಗ ಎಣಿಸಲಿ, ತುದಿಯಲ್ಲಿ ಬೇಡ. ಅಲ್ಲಿ ಅದು ತೀರಾ ನಿಧಾನ, ಯಾವಾಗ ತಿರುಗಿತು ಅಂತ ಗೊತ್ತೇ ಆಗಲ್ಲ. ಲೋಲಕದ ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯಬೇಕು, ಅಷ್ಟೇ.

ದಯವಿಟ್ಟು ಕಾರಣ ನೀವೇ ಹೇಳಿಬಿಡಬೇಡಿ. ಎರಡೂ ರೀತಿ ಎಣಿಸಿ ಹೋಲಿಸಲಿ, ತಪ್ಪನ್ನು ಅವರೇ ಹಿಡಿಯುತ್ತಾರೆ. ಆ ಖುಷಿಯೇ ಬೇರೆ ಅಲ್ವಾ? 1 ಮೀಟರ್ ಉದ್ದಕ್ಕೆ 20 ಆಂದೋಲನ ಸುಮಾರು 40 ಸೆಕೆಂಡ್ ತೆಗೆದುಕೊಳ್ಳಬೇಕು. 38 ಬಂದರೆ ಎಣಿಕೆ ಮತ್ತೆ ತಪ್ಪಿದೆ.