ಹೊಳೆ ಏರೋ ಮೊದಲು ಎಬ್ಬಿಸಿದವರು: ಕೋಟೆ-ಸರಗೂರು ಕಡೆಯಿಂದ ಒಂದು ಉತ್ತರ

ನೀವು ಕೇಳಿದ್ದು ಎರಡು ಪ್ರಶ್ನೆ. ಕೇರಳದ ಗಡಿಗೆ ಅಂಟಿಕೊಂಡಿರೋ ನಮ್ಮ ಮೈಸೂರು ಜಿಲ್ಲೆ ಎಚ್.ಡಿ. ಕೋಟೆ-ಸರಗೂರು ಕಡೆ ಮಳೆಗಾಲದಲ್ಲಿ ಜನ ಹೇಗೆ ಸಂಭಾಳಿಸ್ತಾರೆ ಅನ್ನೋದು ಒಂದು. ಪ್ರವಾಹ, ಕಾಡ್ಗಿಚ್ಚು, ಬರದ ಪೆಟ್ಟು ಕಮ್ಮಿ ಮಾಡೋಕೆ ಊರವರೇ ಮಾಡೋ ಕೆಲಸಕ್ಕೆ ಪ್ರಶಸ್ತಿ ಕೊಡೋದಾದ್ರೆ ಯಾರಿಗೆ ಕೊಡಬೇಕು ಅನ್ನೋದು ಇನ್ನೊಂದು. ಎರಡನೇದಕ್ಕೆ ಮೊದಲು ಹೇಳಿಬಿಡ್ತೀನಿ. ತೆಪ್ಪದಲ್ಲಿ ಜನರನ್ನ ದಡ ಮುಟ್ಟಿಸಿದವರಿಗೆ ನಮ್ಮಲ್ಲಿ ಹಾರ ಬೀಳುತ್ತೆ, ಪೇಪರಲ್ಲಿ ಫೋಟೋ ಬರುತ್ತೆ. ಬರಲಿ, ಅವರ ಎದೆಗಾರಿಕೆ ಸಣ್ಣದಲ್ಲ. ಆದ್ರೆ ಹಿಂದಿನ ರಾತ್ರಿಯೇ ಬಾಗಿಲು ಬಡಿದು "ಎದ್ದೇಳ್ರಪ್ಪಾ, ದನ ಬಿಚ್ಚಿ" ಅಂದವರಿಗೆ ಬೀಳೋದು ಬೈಗುಳ. ನೀರು ಬಂದ್ರೆ ಅವರ ಮಾತು ಯಾರಿಗೂ ನೆನಪಿರಲ್ಲ. ಬರದೇ ಹೋದ್ರೆ ಮುಂದಿನ ಜಾತ್ರೆವರೆಗೂ ಆಡ್ಕೊಂಡು ನಗ್ತಾರೆ. ಕೊಡೋದಾದ್ರೆ ಮೊದಲು ಅವರಿಗೆ ಕೊಡಿ ಅನ್ನೋನು ನಾನು.

ಇದು ಅರ್ಥ ಆಗಬೇಕಾದ್ರೆ ನಮ್ಮ ಹೊಳೆ ಸ್ವಭಾವ ತಿಳಿದಿರಬೇಕು. ಕೇರಳದ 44 ನದಿಗಳಲ್ಲಿ ಪೂರ್ವಕ್ಕೆ ಹರಿಯೋದು ಮೂರೇ. ಅದರಲ್ಲಿ ಕಬಿನಿ ಒಂದು. ವಯನಾಡಿನ ಪನಮರಂ ಹೊಳೆ, ಮಾನಂದವಾಡಿ ಹೊಳೆ ಎರಡೂ ಸೇರಿಕೊಂಡು ನಮ್ಮ ಕಡೆ ಇಳಿಯುತ್ತವೆ. ಬೀಚನಹಳ್ಳಿ ಹತ್ರ ಡ್ಯಾಮಿದೆ, 1974ರದ್ದು. ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2,284 ಅಡಿ, ಹಿಡಿಯೋದು 19.52 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ). ಅತ್ತ ಕನ್ನಂಬಾಡಿ ಕಟ್ಟೆ ಹಿಡಿಯೋದು 49.45. ಅದು ಹಂಡೆ ಅಂದ್ರೆ ನಮ್ಮದು ಚೊಂಬು. ಲೆಕ್ಕ ಹಾಕಿ ನೋಡಿ: ಒಂದು ಲಕ್ಷ ಕ್ಯೂಸೆಕ್, ಅಂದ್ರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ, ಒಳಹರಿವು ಒಂದು ಹಗಲು ಒಂದು ರಾತ್ರಿ ಹಾಗೇ ಇದ್ರೆ 8.64 ಟಿಎಂಸಿ ಬಂದುಬಿಡುತ್ತೆ. ಪೂರ್ತಿ ಬರಿದಾದ ಡ್ಯಾಮೂ ಎರಡೂವರೆ ದಿನದೊಳಗೆ ತುಂಬುತ್ತೆ. ಜುಲೈ ಕೊನೇಲಿ ಅದು ಬರಿದಾಗಿರೋದಾದ್ರೂ ಎಲ್ಲಿ? ಎಷ್ಟೋ ವರ್ಷ ರಾಜ್ಯದಲ್ಲಿ ಎಲ್ಲಕ್ಕಿಂತ ಮೊದಲು ತುಂಬೋದೇ ನಮ್ಮ ಡ್ಯಾಮು. ಆಮೇಲೆ ಬಂದಷ್ಟೂ ಬಿಡಲೇಬೇಕು.

ಹೊರಗಿನಿಂದ ಬಂದವರಿಗೆ ಇಲ್ಲೊಂದು ಸೋಜಿಗ. ಸರಗೂರಲ್ಲಿ ಬಿಸಿಲು ಕಾಯ್ತಿರುತ್ತೆ, ಅಂಗಳದಲ್ಲಿ ಬಟ್ಟೆ ಒಣಗ್ತಿರುತ್ತೆ, ಹೊಳೆ ಮಾತ್ರ ಗಂಟೆಗಂಟೆಗೂ ಏರ್ತಿರುತ್ತೆ. ಮಳೆ ಬಿದ್ದಿರೋದು ಇನ್ನೊಂದು ರಾಜ್ಯದಲ್ಲಿ. "ಆಶ್ಲೇಷ ಮಳೆ, ಈಸಲಾರದ ಹೊಳೆ" ಅಂತ ಹಳಬರು ಹೇಳೋದು ಸುಮ್ಮನೆ ಅಲ್ಲ. ಆಗಸ್ಟ್ 3ರ ಆಸುಪಾಸಿಂದ ಎರಡು ವಾರ ಆ ಮಳೆ ನಕ್ಷತ್ರ. 2018ರಲ್ಲಿ ಕೇರಳ, ಕೊಡಗು ಎರಡೂ ಕುಸಿದಿದ್ದು, 2019ರಲ್ಲಿ ಕಬಿನಿಯಿಂದ ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟಿದ್ದು, ಮೈಸೂರು-ನಂಜನಗೂಡು ರಸ್ತೆ ಮಲ್ಲನಮೂಲೆ ಮಠದ ಹತ್ರ ಮುಳುಗಿದ್ದು, ಎಲ್ಲಾ ಅದೇ ಆಶ್ಲೇಷದಲ್ಲಿ.

ಹಾಗಾಗಿ ನಮ್ಮ ಜನ ಆಕಾಶ ನೋಡೋದಕ್ಕಿಂತ ಫೋನ್ ನೋಡೋದು ಜಾಸ್ತಿ. ನಮ್ಮ ಹೊಲಗಳನ್ನ ಗುತ್ತಿಗೆಗೆ ಹಿಡಿದು ಶುಂಠಿ ಹಾಕೋ ಮಲಯಾಳಿಗಳಿದ್ದಾರೆ. ನಮ್ಮ ಕಡೆಯಿಂದ ಕಾಫಿ ಕುಯ್ಯೋಕೆ, ಮೆಣಸು ಬಿಡಿಸೋಕೆ ಗಡಿಯ ಬಾವಲಿ ಊರು ದಾಟಿ ವಯನಾಡಿಗೆ ಹೋಗೋರಿದ್ದಾರೆ. ಈ ಕೊಡುಕೊಳ್ಳುವಿಕೆಯೇ ನಮ್ಮ ಎಚ್ಚರಿಕೆ ಗಂಟೆ. ಶುಂಠಿ ಚೇಟ ಬೆಳಿಗ್ಗೆ ಊರಿಗೆ ಫೋನ್ ಮಾಡಿ ಇಟ್ಟ ಮೇಲೆ ಸುದ್ದಿ ಟೀ ಅಂಗಡಿಗೆ ಬರುತ್ತೆ: "ಮಾನಂದವಾಡೀಲಿ ಮೂರು ದಿನದಿಂದ ಮಳೆ ಬುಡ್ತಾನೇ ಇಲ್ವಂತೆ ಕಣಣ್ಣೋ." ಅಷ್ಟು ಸಾಕು. ಪಂಚಾಯ್ತಿಯವರು ಮೈಕು ಕಟ್ಟಿ, ತಮಟೆ ಹೊಡೆಸಿ, "ನದಿಪಾತ್ರದ ಜನರು ಸುರಕ್ಷಿತ ಸ್ಥಳಕ್ಕೆ ತೆರಳಬೇಕು" ಅಂತ ಸಾರೋ ಹೊತ್ತಿಗೆ ಹೊಳೆದಂಡೆ ಹೊಲದವರು ಅರ್ಧ ಕೆಲಸ ಮುಗಿಸಿರ್ತಾರೆ.

ಕೆಲಸ ಅಂದ್ರೆ ಏನು ಅಂತೀರಾ? ಮೊದಲನೇದು ಮೋಟಾರು. ಹೊಳೆಗೆ ಹಾಕಿರೋ ಪಂಪ್‌ಸೆಟ್ಟಿನ ಫ್ಯೂಸ್ ಕಿತ್ತು, ಬೋಲ್ಟು ಬಿಚ್ಚಿ, ಸ್ಟಾರ್ಟರ್ ಡಬ್ಬಿ ಸಮೇತ ನಾಲ್ಕು ಜನ ಹೆಗಲು ಕೊಟ್ಟು ಏರಿಗೆ ಹೊತ್ತು ಹಾಕಬೇಕು. ಒಬ್ಬನ ಕೈಲಿ ಆಗೋ ಕೆಲಸ ಅಲ್ಲ, ಅದಕ್ಕೇ ಸರದಿ ಮೇಲೆ ನಡೆಯುತ್ತೆ. ಇವತ್ತು ನಿನ್ನದು, ಆಮೇಲೆ ನನ್ನದು. ಹೋದ ವರ್ಷ ಜಗಳ ಆಡಿ ಬದು ಒತ್ತಿದವನ ಮೋಟಾರೂ ಅದರಲ್ಲೇ ಸೇರಿಕೊಳ್ಳುತ್ತೆ. ಆಮೇಲೆ ದನ, ಆಮೇಲೆ ಹುಲ್ಲು. ನಮ್ಮೂರಲ್ಲೊಬ್ಬರು ದೊಡ್ಡಪ್ಪ ಇದ್ದಾರೆ. ಹೊಳೆ ಏರೋಕೆ ಶುರುವಾದ ಕೂಡಲೆ ನೀರಿನ ಅಂಚಿಗೊಂದು ಬಿದಿರು ಕಡ್ಡಿ ನೆಡ್ತಾರೆ. ಬೀಡಿ ಮುಗಿಸಿ ಬಂದು ನೋಡ್ತಾರೆ. ಕಡ್ಡಿ ನೀರೊಳಗೆ ಹೋಗಿದ್ರೆ ಇನ್ನೊಂದು ಮೇಲೆ. ಎರಡು ಕಡ್ಡಿ ಬೇಗ ಬೇಗ ಮುಳುಗಿದ್ರೆ ತಗ್ಗಿನ ಬೀದಿ ಬಾಗಿಲು ಬಡಿಯೋದು ಅವರೇ. ಹುಡುಗರು ಫೋನಲ್ಲಿ ಕ್ಯೂಸೆಕ್ ಲೆಕ್ಕ ತೋರಿಸಿದ್ರೆ "ಡ್ಯಾಮ್ನೋರು ಬುಟ್ಟಿದ್ದು ಎಷ್ಟು ಅಂತ ನಿನ್ ಫೋನ್ ಯೋಳ್ತದೆ, ನಮ್ಮಟ್ಟೀಗೆ ಎಷ್ಟು ಬಂತು ಅಂತ ಕಡ್ಡಿ ಯೋಳ್ತದೆ" ಅಂತಾರೆ. ಕೆಳಗೆ ನುಗು ಹೊಳೆಯೂ ಬಂದು ಸೇರೋದ್ರಿಂದ ಆ ಮಾತಲ್ಲಿ ಹುರುಳಿದೆ. ಡ್ಯಾಮಿನ ಅಂಕಿ ಒಂದೇ ನೋಡಿದ್ರೆ ಸಾಲದು.

ನಂಜನಗೂಡಲ್ಲಿ ಇದಕ್ಕೆ ಕಡ್ಡಿ ಬೇಕಿಲ್ಲ, ಹದಿನಾರು ಕಾಲು ಮಂಟಪ ಇದೆ. ಸ್ನಾನಘಟ್ಟ ಮುಳುಗಿದ್ರೆ ಮಾಮೂಲು. ಮುಡಿಕಟ್ಟೆಗೆ ನೀರು ಬಂತು ಅಂದ್ರೆ ಹೊಳೆದಂಡೆ ಅಂಗಡಿಯವರು ಸಾಮಾನು ಕಟ್ತಾರೆ. ಮಂಟಪದ ಕಂಬ ಎಷ್ಟು ಕಾಣ್ತಿದೆ ಅನ್ನೋದರ ಮೇಲೆ ಹಳ್ಳದಕೇರಿ, ತೋಪಿನ ಬೀದಿಯವರ ಆ ರಾತ್ರಿ ನಿದ್ದೆ ನಿಂತಿರುತ್ತೆ. ಇನ್ನೂ ಕೆಳಗೆ ತಿರುಮಕೂಡಲಿನಲ್ಲಿ ಕಾವೇರಿಯೂ ಸೇರಿಕೊಳ್ಳೋದ್ರಿಂದ ಕನ್ನಂಬಾಡಿ, ಕಬಿನಿ ಎರಡರಿಂದಲೂ ಒಟ್ಟಿಗೆ ಬಿಟ್ಟರೆ ಅಲ್ಲಿನವರಿಗೆ ಎರಡು ಕಡೆಯ ಹೊಡೆತ.

ಈಗ ಗಡಿಯಾಚೆ ಮಾತು. ನಾನು ಪ್ರಶಸ್ತಿ ಸಮಿತೀಲಿ ಇದ್ದಿದ್ರೆ ಮೊದಲ ಪೇಟ ತೊಡಿಸ್ತಿದ್ದಿದ್ದು ವಯನಾಡಿನ ಮಳೆ ಅಳೆಯೋ ಜನರಿಗೆ. ಕಲ್ಪೆಟ್ಟದಲ್ಲಿ ಹ್ಯೂಮ್ ಸೆಂಟರ್ ಅಂತ ಪರಿಸರ ಅಧ್ಯಯನದ ಒಂದು ಸಂಸ್ಥೆ ಇದೆ. ಜಿಲ್ಲೆ ತುಂಬಾ ಇನ್ನೂರಕ್ಕೂ ಹೆಚ್ಚು ಕಡೆ ಮಳೆ ಮಾಪಕ ಇಡಿಸಿದ್ದಾರೆ. ಅಳೆಯೋರಲ್ಲಿ ಬೆಳೆಗಾರರು, ಊರವರು ಇದ್ದಾರೆ. ಬೆಳಿಗ್ಗೆ ಎದ್ದು ಎಷ್ಟು ಮಿಲಿಮೀಟರ್ ಬಿತ್ತು ಅಂತ ನೋಡಿ ಕಳಿಸ್ತಾರೆ. ಗುಡ್ಡದ ನಾಡಲ್ಲಿ ಒಂದು ಮಗ್ಗುಲಲ್ಲಿ ತುಂತುರು ಇದ್ರೆ ಇನ್ನೊಂದು ಮಗ್ಗುಲಲ್ಲಿ ಆಕಾಶವೇ ಹರಿದಿರುತ್ತೆ. ದೂರದಲ್ಲೊಂದು ಮಾಪಕ ಇಟ್ಟು ಇಡೀ ತಾಲ್ಲೂಕಿಗೆ ಲೆಕ್ಕ ಹೇಳಿದ್ರೆ ಪ್ರಯೋಜನ ಇಲ್ಲ. 2020ರ ಆಗಸ್ಟಲ್ಲಿ ಮುಂಡಕ್ಕೈ ಕಡೆ ಮಳೆ ಮಿತಿ ಮೀರಿದೆ ಅಂತ ಈ ಲೆಕ್ಕ ನೋಡಿಯೇ ಅವರು ಎಚ್ಚರಿಸಿದ್ರು. ಜನರನ್ನ ಮೊದಲೇ ಸಾಗಿಸಿದ್ರು. ಗುಡ್ಡ ಜರುಗಿತು, ಜೀವ ಉಳಿದವು. ಆ ವರ್ಷ ಅದು ನಮ್ಮ ಕಡೆ ಸುದ್ದಿಯೇ ಆಗಲಿಲ್ಲ.

ನಾಲ್ಕು ವರ್ಷ ಆದ ಮೇಲೆ, 2024ರ ಜುಲೈ 29ರಂದು ಅದೇ ಜನ, ಅದೇ ಮಾಪಕ, ಅದೇ ಎಚ್ಚರಿಕೆ. ಈ ಸಲ ಎಲ್ಲರೂ ಕದಲಲಿಲ್ಲ. 30ರ ನಸುಕಿಗೆ ಮುಂಡಕ್ಕೈ, ಚೂರಲ್ಮಲ ಕೊಚ್ಚಿಹೋದವು. ಸತ್ತವರು ಇನ್ನೂರಕ್ಕೂ ಹೆಚ್ಚು. ಆ ನೀರು ನಮ್ಮ ಕಬಿನಿಗೆ ಬರೋದಲ್ಲ, ಪಶ್ಚಿಮಕ್ಕೆ ಚಾಲಿಯಾರ್‌ಗೆ ಹೋಗುತ್ತೆ, ಇದನ್ನ ಎಷ್ಟೋ ಜನ ತಪ್ಪು ತಿಳಿದಿದ್ರು. ಆದ್ರೆ ನೀರು ಬರದಿದ್ರೂ ಸಾವು ಬಂತು: ಹೊಟ್ಟೆಪಾಡಿಗೆ ಅಲ್ಲಿಗೆ ಹೋಗಿ ನೆಲೆಸಿದ್ದ ಮಂಡ್ಯ, ಚಾಮರಾಜನಗರ ಕಡೆಯವರೂ ಅದರಲ್ಲಿದ್ದರು. ಕೊಚ್ಚಿಹೋದ ಸೇತುವೆ ಜಾಗದಲ್ಲಿ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು 190 ಅಡಿಯ, ಉಕ್ಕಿನ ಭಾಗ ಜೋಡಿಸೋ ಬೈಲಿ ಸೇತುವೆ ಕಟ್ಟಿದ್ದನ್ನ ದೇಶವೇ ನೋಡಿ ಹೊಗಳ್ತು. ಹೊಗಳಬೇಕಾದ್ದೇ. 2020ರಲ್ಲಿ ಮಾಪಕ ನೋಡಿ ಸಾವನ್ನ ತಪ್ಪಿಸಿದವರನ್ನ ಮಾತ್ರ ದೇಶ ನೋಡಿದ್ದು ಈ ಸಾವುಗಳಾದ ಮೇಲೆ.

ನಮ್ಮ ರಾಜ್ಯದಲ್ಲೂ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯ್ತಿ ಮಟ್ಟಕ್ಕೆ ಮಳೆ ಮಾಪಕ ಹಾಕಿದ್ದಾರೆ, ಒಳ್ಳೆ ಕೆಲಸ. ಆದ್ರೆ ಅವು ಅಳೆಯೋದು ನಮ್ಮ ಮಳೆ. ನಮ್ಮನ್ನ ಮುಳುಗಿಸೋದು ಅವರ ಮಳೆ. ವಯನಾಡಿನ ಆ ಬೆಳಗಿನ ಲೆಕ್ಕ ಕನ್ನಡದಲ್ಲಿ ಸರಗೂರು, ನಂಜನಗೂಡಿನ ಪಂಚಾಯ್ತಿಗಳಿಗೆ ನೇರ ಬರೋ ಹಾಗಾದ್ರೆ ಶುಂಠಿ ಚೇಟನ ಫೋನಿಗೆ ಕಾಯೋದು ತಪ್ಪುತ್ತೆ.

ಬೇಸಿಗೆ ಕತೆ ಬೇರೆ. ಜನವರಿ ಕಳೆದ ಮೇಲೆ ಬಂಡೀಪುರ, ನಾಗರಹೊಳೆ ಎರಡೂ ಒಣಗಿ ಲಂಟಾನ ಪೊದೆ ಗರಗರ ಅನ್ನೋಕೆ ಶುರುವಾಗುತ್ತೆ. ಅದಕ್ಕೂ ಮೊದಲೇ ಬೆಂಕಿರೇಖೆ, ಅಂದ್ರೆ ಬೆಂಕಿ ದಾಟದ ಹಾಗೆ ಬಿಡೋ ಪಟ್ಟಿ, ಸವರಿ ಸುಡಬೇಕು. ಈ ಕೆಲಸಕ್ಕೆ, ಆಮೇಲೆ ಕಾವಲಿಗೆ, ಹಾಡಿಗಳ (ಆದಿವಾಸಿ ಕೇರಿಗಳ) ಜೇನುಕುರುಬರು, ಬೆಟ್ಟಕುರುಬರು ಹೋಗ್ತಾರೆ, ಹಂಗಾಮಿ ಕೂಲಿ ಮೇಲೆ. ಹಸಿ ಸೊಪ್ಪಿನ ಕೊಂಬೆ ಮುರಿದು ಉರಿಯ ಬುಡಕ್ಕೆ ಬಡೀತಾ ಹೋಗೋದನ್ನ ನೀವು ನೋಡಬೇಕು. ಗಾಳಿ ಯಾವ ಕಡೆ ತಿರುಗುತ್ತೆ ಅನ್ನೋದನ್ನ ಮುಖಕ್ಕೆ ಬಿದ್ದ ಬಿಸಿಯಲ್ಲೇ ಗುರುತು ಹಿಡೀತಾರೆ. 2019ರ ಫೆಬ್ರವರೀಲಿ ಬಂಡೀಪುರ ಉರಿದಾಗ ವಾಯುಪಡೆ ಹೆಲಿಕಾಪ್ಟರ್ ನೀರು ಸುರಿದಿದ್ದು ಟಿವಿ ತುಂಬಾ ಬಂತು. ಕೊಂಬೆ ಹಿಡಿದವರು ಅಷ್ಟಾಗಿ ಕಾಣಲಿಲ್ಲ. ಹುಲಿ ಯೋಜನೆ, ಕಬಿನಿ ಹಿನ್ನೀರು ಅಂತ ಕಾಡಿಂದ ಎಬ್ಬಿಸಿದ ಜನರನ್ನೇ ಬೆಂಕಿ ಬಿದ್ದಾಗ ಮತ್ತೆ ಕಾಡೊಳಗೆ ಕರೀತಾರೆ ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಯಾರೂ ಮೈಕಲ್ಲಿ ಹೇಳಲ್ಲ.

ಬರದ ವಿಚಾರಕ್ಕೆ ಒಂದೇ ಹೆಸರು ಸಾಕು, ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರು. ಕುರಿ ಕಾಯ್ತಾ ಕುಂದಿನಿಬೆಟ್ಟದಲ್ಲಿ ಕಟ್ಟೆ ಮೇಲೆ ಕಟ್ಟೆ ತೋಡಿಸಿದವರು. 2020ರ ಜೂನಲ್ಲಿ ಪ್ರಧಾನಿ ರೇಡಿಯೋದಲ್ಲಿ ಅವರ ಹೆಸರು ಹೇಳಿದ ಮೇಲೆ ಕೆಎಸ್‌ಆರ್‌ಟಿಸಿ ಜೀವನಪೂರ್ತಿ ಉಚಿತ ಬಸ್ ಪಾಸ್ ಕೊಡ್ತು. ಬಂದ ಪ್ರಶಸ್ತಿ ದುಡ್ಡನ್ನೂ ಅವರು ಕಟ್ಟೆಗೇ ಸುರಿದ್ರು. 2022ರ ಅಕ್ಟೋಬರಲ್ಲಿ ತೀರಿಕೊಂಡ್ರು. ಮರುವರ್ಷವೇ ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು.

ಪ್ರಶಸ್ತಿಗಳು ಇಲ್ಲ ಅಂತಲ್ಲ. ಕೇಂದ್ರ ಸರ್ಕಾರ ನೇತಾಜಿ ಹೆಸರಲ್ಲಿ ಆಪದಾ ಪ್ರಬಂಧನ (ವಿಪತ್ತು ನಿರ್ವಹಣೆ) ಪುರಸ್ಕಾರ ಕೊಡುತ್ತೆ, ಜನವರಿ 23ಕ್ಕೆ ಘೋಷಣೆ. ಸಂಸ್ಥೆಗಾದ್ರೆ 51 ಲಕ್ಷ ರೂಪಾಯಿ, ವ್ಯಕ್ತಿಗಾದ್ರೆ 5 ಲಕ್ಷ. 2023ರಲ್ಲಿ ಮಿಜೋರಾಮಿನ ಲುಂಗ್ಲೈ ಅಗ್ನಿಶಾಮಕ ಠಾಣೆಗೆ ಕಾಡ್ಗಿಚ್ಚು ಆರಿಸಿದ್ದಕ್ಕೆ ಸಿಕ್ತು, ಖುಷಿ ಆಯ್ತು. ಆದ್ರೆ ಅರ್ಜಿ ಬರೆದು, ದಾಖಲೆ ಜೋಡಿಸಿ ಕಳಿಸೋದು ಕಡ್ಡಿ ನೆಡೋ ದೊಡ್ಡಪ್ಪನ ಕೈಲಿ ಆಗೋ ಕೆಲಸವೇ? ನನಗೆ ಹಿಡಿಸಿದ್ದು ಒಡಿಶಾದ ದಾರಿ. ಅಲ್ಲಿನ ವೆಂಕಟ್ರಾಯಪುರ, ನೋಲಿಯಾಸಾಹಿ ಅನ್ನೋ ಎರಡು ಕಡಲಂಚಿನ ಹಳ್ಳಿಗಳನ್ನ 2020ರಲ್ಲಿ ಯುನೆಸ್ಕೋದವರು "ಸುನಾಮಿಗೆ ಸಿದ್ಧ" ಅಂತ ಗುರುತಿಸಿದ್ರು. ಮಾನ್ಯತೆ ಸಿಕ್ಕಿದ್ದು ಇಡೀ ಊರಿಗೆ. ನೀರು ಎಲ್ಲೀತನಕ ಬರಬಹುದು ಅನ್ನೋ ನಕ್ಷೆ, ಓಡೋ ದಾರಿಗೆ ಫಲಕ, ಅಣಕು ಕವಾಯತು ಇವೆಲ್ಲಾ ಇದ್ರೇನೇ ಸಿಗೋದು, ಕಾಲಕಾಲಕ್ಕೆ ಮತ್ತೆ ಪರೀಕ್ಷೆ. ಹೊಳೆದಂಡೆ ಊರುಗಳಿಗೂ ಇಂಥದ್ದೊಂದು ಬಂದ್ರೆ ಪಂಚಾಯ್ತಿಗಳು ತಾವಾಗೇ ಪೈಪೋಟಿಗೆ ಬೀಳ್ತವೆ.

ಜೊತೆಗೆ ವಿಪತ್ತಿನಲ್ಲಿ ನೆರವಾಗೋ ಊರ ಸ್ವಯಂಸೇವಕರನ್ನ ತಯಾರು ಮಾಡೋ ಆಪದಾ ಮಿತ್ರ ಯೋಜನೆ ಇದೆ. ತರಬೇತಿ, ಕಿಟ್ಟು, ವಿಮೆ. ಸೇರಿಸಿಕೊಳ್ಳುವಾಗ ತೆಪ್ಪ ಹುಟ್ಟು ಹಾಕೋ ಬೆಸ್ತರ ಹುಡುಗರನ್ನ, ಹಾಡಿಯವರನ್ನ ಮೊದಲು ನೋಡಲಿ. ಇನ್ನು ದೊಡ್ಡಪ್ಪನಂಥವರಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಬೇಕಾದ್ರೆ ಕೊಡಿ, ಬೇಡ ಅನ್ನಲ್ಲ. ಅದಕ್ಕಿಂತ ಮೊದಲು ಈ ಊರಲ್ಲಿ ಎಚ್ಚರಿಸೋರು ಇಂಥವರು ಅಂತ ಪಂಚಾಯ್ತಿ ಸಭೇಲಿ ಬರೆದಿಡಲಿ, ಡ್ಯಾಮಿಂದ ಸುದ್ದಿ ಮೊದಲು ಅವರ ಫೋನಿಗೆ ಹೋಗಲಿ. ಅವರು ಎಬ್ಬಿಸಿದ ರಾತ್ರಿ ನೀರು ಬರದೇ ಹೋದ್ರೂ ಬೆಳಿಗ್ಗೆ ಪಂಚಾಯ್ತಿ ಅಧಿಕಾರಿ ಪಿಡಿಒ ಬಂದು ಎಲ್ಲರ ಮುಂದೆ "ಎಬ್ಬಿಸಿದ್ದೇ ಸರಿ" ಅನ್ನಲಿ.

ಆಗಸ್ಟಲ್ಲಿ ಬರ್ತೀನಿ ಅಂದಿದ್ರಲ್ಲ, ಬನ್ನಿ. ನೀರು ಬಿಟ್ಟಿರೋ ದಿನ ಡ್ಯಾಮಿನ ಮುಂದಿನ ಸೇತುವೆ ಮೇಲೆ ಸೆಲ್ಫಿಗೆ ಮಾತ್ರ ನಿಲ್ಲಬೇಡಿ, ನಿಮ್ಮಂಥವರನ್ನ ಓಡಿಸೋದೇ ನಮ್ಮ ಹುಡುಗರಿಗೆ ಅರ್ಧ ದಿನದ ಕೆಲಸ. ವಯನಾಡಿಗೂ ಹೋಗೋದಾದ್ರೆ ಬೇಗ ಹೊರಡಿ, ಬಾವಲಿ ರಸ್ತೆ ಸಂಜೆ ಆರಕ್ಕೆ ಮುಚ್ತಾರೆ.