ಬಾಗಿಲಲ್ಲಿ ಆಡಿದ ಸುಳ್ಳು, ಅರ್ಜಿಗೆ ಸೇರಿಸಹೊರಟ ಸುಳ್ಳು

ಕೌಟುಂಬಿಕ ದೌರ್ಜನ್ಯದ ಪ್ರಕರಣಗಳಲ್ಲಿ ಈ ತೊಡಕು ಪದೇ ಪದೇ ಎದುರಾಗುತ್ತದೆ. ಗುರುತು ಸಿಗದಂತೆ ಒಂದನ್ನು ಬರೆಯುತ್ತಿದ್ದೇನೆ.

ಗಂಡನ ಹೊಡೆತ ತಾಳಲಾರದೆ ತಂಗಿ ಅಕ್ಕನ ಮನೆ ಸೇರಿದ್ದಳು. ಮರುದಿನ ಅವನೂ ಬಂದ, ಕೈಯಲ್ಲಿ ಹಣ್ಣಿನ ಚೀಲ. "ಅಕ್ಕಾ, ಎರಡು ಮಾತಾಡಿ ಹೋಗ್ತೀನಿ." "ಇಲ್ಲಿಗೆ ಬಂದೇ ಇಲ್ಲಪ್ಪ" ಎಂದರು ಅಕ್ಕ. ತಂಗಿ ಒಳಕೋಣೆಯಲ್ಲಿದ್ದಳು.

ಅಕ್ಕ ಶಾಲಾ ಶಿಕ್ಷಕಿ. ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಅವರ ಮೊದಲೆರಡು ಭೇಟಿ ಆ ಸುಳ್ಳಿನ ಸಂಕಟದಲ್ಲೇ ಮುಗಿದವು. ಕೊಲೆಗಾರ ಬಾಗಿಲಿಗೆ ಬಂದು ಕೇಳಿದರೂ ಸುಳ್ಳಾಡುವಂತಿಲ್ಲ ಎಂದು ಜರ್ಮನ್ ತತ್ತ್ವಜ್ಞಾನಿ ಕಾಂಟ್ 1797ರಲ್ಲಿ ಬರೆದದ್ದು, ಅವನನ್ನು ಓದದವರ ಮನಸ್ಸಿನಲ್ಲೂ ಕೂತಿರುತ್ತದೆ. ದರೋಡೆಕೋರರಿಗೆ ನಿಜ ಹೇಳಿ ನರಕ ಕಂಡ, ಮಹಾಭಾರತದ ಕರ್ಣಪರ್ವದ ಕೌಶಿಕನ ಕಥೆಯಿಂದ ಸಮಾಧಾನವೇನೋ ಆಗುತ್ತದೆ. ಗೆರೆ ಎಲ್ಲಿ ಎಳೆಯಬೇಕೆಂಬುದು ತಿಳಿಯುವುದಿಲ್ಲ.

ಮೂರನೇ ಭೇಟಿಯಲ್ಲಿ ಅವರೆಂದರು: "ಕೋರ್ಟಿನ ಅರ್ಜೀಲಿ ವರದಕ್ಷಿಣೆ ಕೇಳಿದ್ರು ಅಂತಲೂ ಸೇರಿಸಿ ಅಂತಾರೆ ನಮ್ಮ ಸೋದರಮಾವ. ಅವ್ರು ಕೇಳಿರ್ಲಿಲ್ಲ ಮೇಡಂ. ಆದ್ರೆ ಒಂದು ಸುಳ್ಳು ಹೇಳಿಯಾಯ್ತಲ್ಲ, ಇನ್ನೊಂದಕ್ಕೇನು?"

ಬೇಡವೇ ಬೇಡ ಎಂದೆ. ಎಲ್ಲರೂ ಹಾಗೆಯೇ ಮಾಡಿದರೆ ನಡೆದೀತೇ ಎಂದು ಕೇಳುವ ಕಾಂಟ್‌ನ ನಿಯಮವನ್ನೇ ಹಿಡಿದು ಅಮೆರಿಕದ ತತ್ತ್ವಜ್ಞಾನಿ ಕ್ರಿಸ್ಟೀನ್ ಕೋರ್ಸ್‌ಗಾರ್ಡ್ 1986ರಲ್ಲಿ ತೋರಿಸಿದ್ದು ಇದು: ಕೇಡಿಗ ತನ್ನ ಉದ್ದೇಶ ಮುಚ್ಚಿಟ್ಟು ಬರುತ್ತಾನೆ, ಅದು ನಿಮಗೆ ಗೊತ್ತಿಲ್ಲವೆಂದೇ ನಂಬಿರುತ್ತಾನೆ. ಹಾಗಾಗಿ ಅಂಥವರಿಗೆ ಎಲ್ಲರೂ ಸುಳ್ಳು ಹೇಳುವುದೇ ನಿಯಮವಾದರೂ ಆ ಸುಳ್ಳು ನಡೆಯುತ್ತದೆ. ಮ್ಯಾಜಿಸ್ಟ್ರೇಟರು ಏನನ್ನೂ ಮುಚ್ಚಿಟ್ಟು ಕೇಳುತ್ತಿಲ್ಲ. ಅರ್ಜಿದಾರರೆಲ್ಲ ಅವರೆದುರು ಸುಳ್ಳು ಸೇರಿಸತೊಡಗಿದರೆ ಅರ್ಜಿಗೇ ಬೆಲೆಯಿರದು.

ಇದು ವಕೀಲರ ಕೆಲಸ, ನಿಮಗೇಕೆ ಎನ್ನುವವರಿದ್ದಾರೆ. ಪಾಟೀ ಸವಾಲಿನಲ್ಲಿ ಆ ಒಂದು ಸಾಲು ಸುಳ್ಳೆಂದು ಬಯಲಾದರೆ ನಿಜವಾದ ಬಾಸುಂಡೆಯನ್ನೂ ಯಾರೂ ನಂಬುವುದಿಲ್ಲ. ಆಮೇಲೆ ಕುಸಿದು ಬರುವುದು ನಮ್ಮ ಬಳಿಗೇ.

ಕೊಟ್ಟ ಸಲಹೆ: ಅವನು ಮತ್ತೆ ಬಂದರೆ ಬಾಗಿಲು ತೆಗೆಯಬೇಡಿ, 112ಕ್ಕೆ ಕರೆ ಮಾಡಿ. ಎದುರೇ ಸಿಕ್ಕಿಬಿಟ್ಟರೆ "ಹೇಳಲ್ಲ" ಎಂಬ ಉತ್ತರ ಕೆಲಸಕ್ಕೆ ಬಾರದು, ಒಳಗಿದ್ದಾಳೆ ಎಂದೇ ಅದರರ್ಥ. ಆಗ ಸುಳ್ಳು ಹೇಳಿ, ಅವನಿಗೆ ಮಾತ್ರ, ತಂಗಿ ಎಲ್ಲಿದ್ದಾಳೆಂಬುದರ ಬಗ್ಗೆ ಮಾತ್ರ. ಪೊಲೀಸರಿಗೆ ಇದ್ದದ್ದು ಇದ್ದ ಹಾಗೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸರ್ಕಾರ ನೇಮಿಸುವ ಸಂರಕ್ಷಣಾಧಿಕಾರಿಯ ಬಳಿ ಘಟನಾ ವರದಿ ಬರೆಸುವಾಗ ಹೊಡೆದ ದಿನ, ಪೆಟ್ಟು ಬಿದ್ದ ಜಾಗ, ಆಸ್ಪತ್ರೆಯ ಚೀಟಿ ಕೊಡಿ; ದಿನಾಂಕ ನೆನಪಿಲ್ಲದಿದ್ದರೆ ನೆನಪಿಲ್ಲ ಎಂದೇ ಬರೆಸಿ. 2005ರ ಆ ಕಾಯ್ದೆಯ ಕಲಂ 12ರ ಅರ್ಜಿಗೆ ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ. ಅವನು ಹತ್ತಿರ ಬರದಂತೆ ಕಲಂ 18ರ ಆದೇಶ ಕೇಳಲು ಹೊಡೆತವೇ ಸಾಕು, ವರದಕ್ಷಿಣೆಯ ಆರೋಪ ಬೇಕಿಲ್ಲ.

ಆ ಸಾಲನ್ನು ಅವರು ಸೇರಿಸಲಿಲ್ಲ. ಸೋದರಮಾವ ಮಾತು ಬಿಟ್ಟಿದ್ದಾರಂತೆ.