ಓದುಗರ ಪ್ರಶ್ನೆ: ಸ್ವಂತ ಉದ್ದಿಮೆಯ ಇರಾದೆ ಅಳೆಯುವುದು ಹೇಗೆ?

ಪ್ರಶ್ನೆ: ವಿದ್ಯಾರ್ಥಿಗಳಲ್ಲಿ ಸ್ವಂತ ಉದ್ದಿಮೆ ಕಟ್ಟುವ ಇರಾದೆ ಎಲ್ಲಿಂದ ಬರುತ್ತದೆ ಎಂಬುದು ನನ್ನ ಪ್ರಾಜೆಕ್ಟ್ ವಿಷಯ. ‘ಮುಂದೆ ಉದ್ಯಮಿಯಾಗುವಿರಾ?’ ಎಂದು ನೂರು ಜನರನ್ನು ಕೇಳಿದೆ. ಹೆಚ್ಚುಕಡಿಮೆ ಎಲ್ಲರೂ ‘ಹೌದು’ ಎಂದಿದ್ದಾರೆ. ಇದರಿಂದ ಏನೂ ತಿಳಿಯುವುದಿಲ್ಲ ಎನ್ನುತ್ತಾರೆ ಗೈಡ್. ಏನು ಮಾಡಲಿ?
– ಎಂ.ಕಾಂ. ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ಗೈಡ್ ಹೇಳಿದ್ದು ಸರಿ. ಬೆಂಗಳೂರಿನ ಕಾಲೇಜಿನಲ್ಲಿ ನಿಂತು ‘ಸ್ಟಾರ್ಟ್‌ಅಪ್ ಮಾಡ್ತೀಯಾ?’ ಎಂದರೆ ಇಲ್ಲ ಎನ್ನುವವರು ಯಾರು? ಹೌದು ಎನ್ನಲು ಖರ್ಚೇನೂ ಇಲ್ಲವಲ್ಲ. ಇರಾದೆಯ ಹಿಂದೆ ಮೂರು ಸಂಗತಿಗಳಿವೆ ಎಂದು ಮನಃಶಾಸ್ತ್ರಜ್ಞ ಐಸೆಕ್ ಐಜೆನ್ 1991ರಲ್ಲಿ ವಿವರಿಸಿದ್ದರು: ಆ ಕೆಲಸದ ಮೇಲಿನ ಒಲವು, ನಮ್ಮವರು ಏನಂತಾರೋ ಎಂಬ ಲೆಕ್ಕ, ನನ್ನ ಕೈಲಾಗುತ್ತದೆ ಎಂಬ ನಂಬಿಕೆ. ಇದನ್ನು ಉದ್ದಿಮೆಗೆ ಹೊಂದಿಸಿ ಲಿನ್ಯಾನ್ ಮತ್ತು ಚೆನ್ 2009ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಹಿಡಿಯಿರಿ. ಅದರಲ್ಲಿ ಒಲವಿಗೆ 5 ಹೇಳಿಕೆ, ನಮ್ಮವರಿಗೆ 3, ನಂಬಿಕೆಗೆ 6, ಇರಾದೆಗೆ 6. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ.

ಕನ್ನಡಕ್ಕೆ ತಂದ ಮೇಲೆ, ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡಿ. ಮೊದಲು 30 ಜನರಿಂದ ತುಂಬಿಸಿ. ಯಾವ ಗುಂಪಿನ ಹೇಳಿಕೆಗಳ ಕ್ರಾನ್‌ಬ್ಯಾಕ್ ಆಲ್ಫಾ (ಅವು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) 0.7ಕ್ಕಿಂತ ಕೆಳಗಿದೆಯೋ ಅಲ್ಲಿ ಗೊಂದಲ ಮಾಡುವ ಹೇಳಿಕೆ ಹುಡುಕಿ.

ಹೆಚ್ಚು ಎಡವುವುದು ‘ನಮ್ಮವರ’ ಮೂರು ಪ್ರಶ್ನೆಗಳಲ್ಲಿ. ನಿಮ್ಮ ನಿರ್ಧಾರವನ್ನು ಮನೆಯವರು, ಸ್ನೇಹಿತರು, ಸಹಪಾಠಿಗಳು ಒಪ್ಪುತ್ತಾರಾ ಎಂದು ಅಲ್ಲಿ ಕೇಳಬೇಕು. ಹುಡುಗನೊಬ್ಬ ಸ್ನೇಹಿತರಿಗೆ 7, ‘ಮೊದಲು ಪ್ಲೇಸ್‌ಮೆಂಟ್ ಆಗಲಿ’ ಎನ್ನುವ ಮನೆಯವರಿಗೆ 1, ಸಹಪಾಠಿಗಳಿಗೆ 4 ಹಾಕಿದ ಎನ್ನಿ. ಸರಾಸರಿ 4. ಮನೆಯಲ್ಲಿ ದಿನಾ ನಡೆಯುವ ಜಟಾಪಟಿ ಹಾಳೆಯ ಮೇಲೆ ‘ತಟಸ್ಥ’ ಆಗಿಬಿಟ್ಟಿತು! ಮೂರನ್ನೂ ಬೇರೆ ಬೇರೆಯಾಗಿಯೇ ತೋರಿಸಿ. ಇನ್ನು, ಒಂದೇ ದಿನ ಒಂದೇ ಫಾರಂನಲ್ಲಿ ಪಡೆದ ಉತ್ತರಗಳಿಂದ ‘ಇದೇ ಕಾರಣ’ ಎನ್ನಬೇಡಿ. ‘ನಂಟಿದೆ’ ಎಂದರೆ ಸಾಕು.

ಪ್ರಶ್ನೆ: ಒಂದು ಸೆಮಿಸ್ಟರ್ ಉದ್ಯಮಶೀಲತೆ ಪಾಠ ಮಾಡಿದ ಮೇಲೆ ವಿದ್ಯಾರ್ಥಿಗಳ ಇರಾದೆಯ ಅಂಕ ಇಳಿದಿದೆ. ಪ್ರಾಂಶುಪಾಲರಿಗೆ ಏನು ಹೇಳಲಿ?
– ಇ-ಸೆಲ್ (ಕಾಲೇಜಿನ ಉದ್ಯಮಶೀಲತೆ ಘಟಕ) ಸಂಯೋಜಕ, ರಾಜಾಜಿನಗರ

ಉತ್ತರ: ನೆದರ್ಲೆಂಡ್ಸ್‌ನಲ್ಲೂ ಹೀಗಾಗಿತ್ತು ಎನ್ನಿ. ವಿದ್ಯಾರ್ಥಿಗಳೇ ಪುಟ್ಟ ಕಂಪನಿ ನಡೆಸುವ ಅಲ್ಲಿನ ಕಾರ್ಯಕ್ರಮವೊಂದನ್ನು ಊಸ್ಟರ್‌ಬೇಕ್ ಮತ್ತು ಜೊತೆಗಾರರು ಪರೀಕ್ಷಿಸಿ, ಇರಾದೆ ತಗ್ಗಿದ್ದನ್ನು 2010ರಲ್ಲಿ ವರದಿ ಮಾಡಿದ್ದರು. ಬಾಡಿಗೆ, ಬಡ್ಡಿ, ವಸೂಲಾಗದ ಬಾಕಿ ಎಲ್ಲ ಲೆಕ್ಕ ಹಾಕಿ ‘ಇದು ನನಗಲ್ಲ’ ಎಂದು ಒಬ್ಬ ಹಿಂದೆ ಸರಿದರೆ ಪಾಠ ಕೆಟ್ಟಿತೆಂದಲ್ಲ. ಸರಾಸರಿ ಬಿಟ್ಟು, ಏರಿದವರೆಷ್ಟು ಇಳಿದವರೆಷ್ಟು ಎಣಿಸಿ. ಅದಕ್ಕೆ ಮೊದಲ ಮತ್ತು ಕೊನೆಯ ಫಾರಂ ಜೋಡಿಯಾಗಬೇಕು. ಹೆಸರು ಬೇಡ, ತಾಯಿಯ ಹೆಸರಿನ ಮೊದಲ ಎರಡಕ್ಷರ, ಹುಟ್ಟಿದ ತಾರೀಖು ಬರೆಸಿ.

ಆದರೆ ‘ಕೈಲಾಗುತ್ತದೆ’ ಅಂಕವೂ ಇಳಿದಿದ್ದರೆ ಯೋಚಿಸಬೇಕು. ಆ ನಂಬಿಕೆಯ ಮೂಲಗಳಲ್ಲಿ ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಮೊದಲ ಸ್ಥಾನ ಕೊಟ್ಟಿದ್ದು ತಾನೇ ಮಾಡಿ ಗೆದ್ದ ಅನುಭವಕ್ಕೆ. ಹುರಿದುಂಬಿಸುವ ಮಾತು ಅದಕ್ಕಿಂತ ಹಿಂದೆ. ನಾಲ್ವರ ತಂಡಕ್ಕೆ 2,000 ರೂಪಾಯಿ, ಎರಡು ವಾರ ಕೊಡಿ, ಏನಾದರೂ ಮಾರಲಿ. ಸಹಪಾಠಿಗಳಿಗೆ ಮಾರಿದ್ದು ಲೆಕ್ಕಕ್ಕಿಲ್ಲ, ಅದು ದಾಕ್ಷಿಣ್ಯದ ವ್ಯಾಪಾರ. 2,000ದ ಮಾಲು 3,000ಕ್ಕೆ ಹೋಯಿತು, ಸಾವಿರ ಲಾಭ ಎಂದು ಕುಣಿಯುತ್ತಾರೆ. ಆಟೋಗೆ 360, ಪ್ಯಾಕಿಂಗಿಗೆ 150 ಕಳೆಯಲು ಹೇಳಿ. ಉಳಿದ 490ನ್ನು ನಾಲ್ವರೂ ಸೇರಿ ದುಡಿದ 20 ಗಂಟೆಗೆ ಹಂಚಿದರೆ ಗಂಟೆಗೆ ಇಪ್ಪತ್ನಾಲ್ಕೂವರೆ ರೂಪಾಯಿ. ಬೆಲೆ ಕಟ್ಟುವುದು ಹೇಗೆಂದು ಆಮೇಲೆ ಅವರೇ ಕೇಳುತ್ತಾರೆ, ಆಗ ಪಾಠ ಮಾಡಿ. ಅತಿಥಿಯನ್ನು ಕರೆಸುವುದಾದರೆ ಎರಡು ವರ್ಷದ ಹಿಂದೆ ಅದೇ ಬೆಂಚಿನಲ್ಲಿ ಕೂತಿದ್ದ ಸೀನಿಯರ್ ಬರಲಿ. ಕೋಟ್ಯಧಿಪತಿಯ ಭಾಷಣಕ್ಕೆ ಚಪ್ಪಾಳೆ ಜೋರು, ಅಷ್ಟೇ.

ಪ್ರಶ್ನೆ: ಲೋಗೋ ಡಿಸೈನ್ ಮಾಡಿಕೊಡಲು ಮೊದಲೇ ಕಂಪನಿ, ಜಿಎಸ್‌ಟಿ ಎಲ್ಲ ಬೇಕೇ? ಆ ಭಯಕ್ಕೇ ಕೈಬಿಟ್ಟಿದ್ದೇನೆ.
– ಇಂಜಿನಿಯರಿಂಗ್ ವಿದ್ಯಾರ್ಥಿ, ವಿಜಯನಗರ

ಉತ್ತರ: ಬೇಡ. ಒಬ್ಬರೇ ಮಾಲೀಕರಾಗಿ ಶುರು ಮಾಡಬಹುದು. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ಸೇವೆಗಳಿಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ವರ್ಷದ ವಹಿವಾಟು 20 ಲಕ್ಷ ದಾಟಿದಾಗ. ಸದ್ಯಕ್ಕೆ ಅರ್ಧ ಹಣ ಮುಂಗಡ ಪಡೆಯಿರಿ. ತಿದ್ದುಪಡಿ ಎಷ್ಟು ಸಲ ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಿ ಮೊದಲೇ ಬರೆದು ಒಪ್ಪಿಸಿಕೊಳ್ಳಿ. ಇಲ್ಲವಾದರೆ ಲೋಗೋ ಒಂದು, ತಿದ್ದುಪಡಿ ಹದಿನೈದು.